‘ಚೆನ್ನಾಗಿದೆ’ ಎಂದವರು ಬಾಟಲಿ ಏಕೆ ಕೊಳ್ಳಲಿಲ್ಲ? ಅಂಗಡಿಯಲ್ಲಿ ಪಾನಕದ ರುಚಿ ತೋರಿಸುವ ಕ್ರಮ

ಪ್ರಶ್ನೆ: ನಾವು ಶಿರಸಿ ತಾಲ್ಲೂಕಿನ ಒಂದು ಮಹಿಳಾ ಸ್ವಸಹಾಯ ಸಂಘದವರು. ಮುರುಗಲು (ಕೋಕಂ) ಹಣ್ಣಿನ ಸಿರಪ್ ತಯಾರಿಸುತ್ತೇವೆ. 700 ಮಿಲಿ ಬಾಟಲಿಯ ಎಂಆರ್‌ಪಿ 200 ರೂಪಾಯಿ. ಬೆಂಗಳೂರಿನ ಎರಡು ಸೂಪರ್ ಮಾರ್ಕೆಟ್‌ಗಳು ನಮ್ಮ ಮಾಲನ್ನು ಇಟ್ಟುಕೊಳ್ಳಲು ಒಪ್ಪಿವೆ. ಕಳೆದ ತಿಂಗಳು ಒಂದು ಭಾನುವಾರ ಅವುಗಳಲ್ಲಿ ಒಂದರ ಬಾಗಿಲಿನ ಬಳಿ ಮೇಜು ಹಾಕಿ, ಸಾದಾ, ಏಲಕ್ಕಿ, ಶುಂಠಿ, ಬೆಲ್ಲ ಮತ್ತು ಜೀರಿಗೆ–ಉಪ್ಪು, ಹೀಗೆ ಐದೂ ಬಗೆಗಳನ್ನು ಐಸ್ ಹಾಕಿ 60 ಮಿಲಿ ಲೋಟಗಳಲ್ಲಿ ತುಂಬಿಸಿ ಕೊಟ್ಟೆವು. ರುಚಿ ಎದ್ದು ಬರಲಿ ಎಂದು ಲೇಬಲ್‌ನಲ್ಲಿ ಹೇಳಿದ್ದಕ್ಕಿಂತ ಸ್ವಲ್ಪ ಗಟ್ಟಿಯಾಗಿಯೇ ಬೆರೆಸಿದ್ದೆವು. ಸುಮಾರು 400 ಲೋಟ ಖರ್ಚಾಯಿತು. ಕುಡಿದವರೆಲ್ಲ ‘ತುಂಬಾ ಚೆನ್ನಾಗಿದೆ’ ಎಂದರು, ಆದರೆ ಮಾರಾಟವಾದದ್ದು 11 ಬಾಟಲಿ. ಎರಡನೆಯ ಅಂಗಡಿಯಲ್ಲಿ ಮಾಡುವಾಗ ಏನನ್ನು ಬದಲಿಸಬೇಕು? ಬೆಲೆ ಇಳಿಸಿದರೆ ಪ್ರಯೋಜನವಾದೀತೇ?

ಉತ್ತರ: ಮೊದಲಿಗೆ ಒಂದು ಸಣ್ಣ ಲೆಕ್ಕ. ಅರವತ್ತು ಮಿಲಿಯ 400 ಲೋಟವೆಂದರೆ 24 ಲೀಟರ್ ಪಾನಕ. ಒಂದು ಪಾಲು ಸಿರಪ್‌ಗೆ ಮೂರು ಪಾಲು ನೀರಿನಂತೆ ಬೆರೆಸಿದ್ದೀರಿ ಎಂದು ಇಟ್ಟುಕೊಂಡರೆ, ಅದಕ್ಕೆ 6 ಲೀಟರ್ ಸಿರಪ್ ಬೇಕು, ಅಂದರೆ ಹೆಚ್ಚುಕಡಿಮೆ ಎಂಟೂವರೆ ಬಾಟಲಿ. ಮಾರಿದ್ದು ಹನ್ನೊಂದು, ಸುರಿದದ್ದು ಎಂಟೂವರೆ. ಇದರಲ್ಲಿ ನಿಮ್ಮ ಸಿರಪ್‌ನ ದೋಷವೇನೂ ಕಾಣುತ್ತಿಲ್ಲ. ನೀವು ಆ ದಿನ ನಡೆಸಿದ್ದು ಬಿಸಿಲಿನಲ್ಲಿ ಬಂದವರಿಗೆ ತಂಪು ಪಾನೀಯ ಹಂಚುವ ಕೆಲಸ. ರಾಮನವಮಿಯ ದಿನ ಅದು ಪುಣ್ಯ, ಸೂಪರ್ ಮಾರ್ಕೆಟ್‌ನಲ್ಲಿ ಮಾತ್ರ ಖರ್ಚು. ‘ಚೆನ್ನಾಗಿದೆ’ ಎಂಬ ಮಾತನ್ನೂ ಅದರ ತೂಕಕ್ಕಿಂತ ಹೆಚ್ಚಾಗಿ ನಂಬಬಾರದು. ಪುಕ್ಕಟೆ ಕೊಟ್ಟದ್ದನ್ನು ಕೊಟ್ಟವರ ಎದುರಿಗೆ ನಿಂತು ಹಳಿಯುವವರು ನಮ್ಮಲ್ಲಿ ವಿರಳ.

ರುಚಿ ತೋರಿಸುವುದರ ಉದ್ದೇಶವನ್ನು ನಾನು ಹೀಗೆ ನೋಡುತ್ತೇನೆ: ಗ್ರಾಹಕರು ಅಂಗಡಿಯಲ್ಲಿ ಕುಡಿದ ಪಾನಕವನ್ನು ಅದೇ ವಾರ ತಮ್ಮ ಅಡುಗೆಮನೆಯಲ್ಲಿ ತಾವೇ ಬೆರೆಸಿ, ಅದೇ ರುಚಿ ಪಡೆದು, ಬಾಟಲಿ ಮುಗಿದಾಗ ಇನ್ನೊಂದನ್ನು ಕೊಳ್ಳಬೇಕು. ಆ ದಿನದ ಮಾರಾಟ ಇದರ ಮೊದಲ ಹೆಜ್ಜೆ ಮಾತ್ರ. ಈ ದೃಷ್ಟಿಯಿಂದ ನೋಡಿದರೆ ನೀವು ಗಟ್ಟಿಯಾಗಿ ಬೆರೆಸಿದ್ದೇ ಎಲ್ಲಕ್ಕಿಂತ ದುಬಾರಿಯಾದ ತಪ್ಪು. ಲೇಬಲ್‌ನಲ್ಲಿ ‘ಒಂದಕ್ಕೆ ಐದು’ ಎಂದಿದ್ದು, ಮೇಜಿನ ಮೇಲೆ ‘ಒಂದಕ್ಕೆ ಮೂರು’ ಇದ್ದರೆ, ಲೇಬಲ್ ಓದಿ ಬೆರೆಸಿಕೊಂಡ ಗೃಹಿಣಿಗೆ ಮನೆಯ ಪಾನಕ ನೀರುನೀರಾಗಿ ಕಾಣುತ್ತದೆ. ಅಂಗಡಿಯದರಂತೆ ಬೆರೆಸಿಕೊಂಡರೆ ಬಾಟಲಿ ಬೇಗ ಮುಗಿದು, ‘ಇದು ಒದಗುವುದಿಲ್ಲ’ ಎನಿಸುತ್ತದೆ. ಎರಡರಲ್ಲಿ ಯಾವುದಾದರೂ ಎರಡನೆಯ ಬಾಟಲಿಗೆ ಅಡ್ಡಿಯೇ.

ಗುಟುಕಿನ ರುಚಿಗೂ ಪೂರ್ತಿ ಲೋಟದ ರುಚಿಗೂ ಇರುವ ಅಂತರಕ್ಕೆ ಪಾನೀಯ ವ್ಯಾಪಾರದಲ್ಲಿ ಪ್ರಸಿದ್ಧವಾದ ಒಂದು ಉದಾಹರಣೆಯಿದೆ. ಪೆಪ್ಸಿ ಕಂಪನಿ 1975ರಿಂದ ಅಮೆರಿಕದ ಮಾಲ್‌ಗಳಲ್ಲಿಯೂ ಅಂಗಡಿಗಳಲ್ಲಿಯೂ ಹೆಸರು ಮರೆಮಾಡಿದ ಎರಡು ಲೋಟಗಳನ್ನು ಇಟ್ಟು ಜನರಿಂದ ರುಚಿ ನೋಡಿಸಿತು. ಹೆಚ್ಚು ಸಿಹಿಯಾದ ಪೆಪ್ಸಿಯನ್ನೇ ಬಹಳ ಮಂದಿ ಮೆಚ್ಚಿದರು. ಇದರಿಂದ ಕಳವಳಗೊಂಡ ಕೋಕಾ–ಕೋಲಾ ಸುಮಾರು 1,90,000 ಜನರಿಗೆ ರುಚಿ ತೋರಿಸಿ, ಅವರ ಒಪ್ಪಿಗೆ ಪಡೆದ ಹೆಚ್ಚು ಸಿಹಿಯ ಹೊಸ ಪಾನೀಯವನ್ನು 1985ರ ಏಪ್ರಿಲ್‌ನಲ್ಲಿ ಮಾರುಕಟ್ಟೆಗೆ ತಂದು, ಹಳೆಯದನ್ನು ನಿಲ್ಲಿಸಿಬಿಟ್ಟಿತು. ಜನರ ವಿರೋಧ ತಾಳಲಾರದೆ ಜುಲೈನಲ್ಲಿಯೇ ಹಳೆಯ ಪಾನೀಯ ಮರಳಿ ಬಂತು. ಹಳೆಯ ರುಚಿಯ ಮೇಲಿನ ಅಭಿಮಾನವೂ ಆ ಸೋಲಿಗೆ ದೊಡ್ಡ ಕಾರಣ, ನಿಜ; ಆದರೆ ಒಂದು ಗುಟುಕಿನಲ್ಲಿ ಸಿಹಿ ಗೆಲ್ಲುತ್ತದೆ, ಪೂರ್ತಿ ಲೋಟ ಕುಡಿಯುವಾಗ ಅದೇ ಸಿಹಿ ಸಾಕುಸಾಕೆನಿಸುತ್ತದೆ ಎಂಬುದನ್ನು ಈ ಕಸುಬಿನವರು ಅಂದಿನಿಂದ ಮರೆತಿಲ್ಲ. ಮುರುಗಲಿನ ಸೊಗಸಿರುವುದು ಅದರ ಹುಳಿಯಲ್ಲಿ. ಅದನ್ನು ಸಕ್ಕರೆಯಿಂದ ಮುಚ್ಚಿದರೆ ರ‍್ಯಾಕ್‌ನಲ್ಲಿರುವ ಇತರ ಕೆಂಪು ಸಿರಪ್‌ಗಳ ಸಾಲಿನಲ್ಲಿ ನಿಮ್ಮದೂ ಒಂದಾಗಿಬಿಡುತ್ತದೆ.

ಆದ್ದರಿಂದ ಲೇಬಲ್‌ನ ಅಳತೆಯೇ ಮೇಜಿನ ಅಳತೆಯಾಗಲಿ. ಆ ಅಳತೆ ನಿಮಗೇ ತೆಳುವೆನಿಸಿದರೆ ಮುಂದಿನ ಮುದ್ರಣದಲ್ಲಿ ಲೇಬಲ್ ತಿದ್ದಿ, ಜಗ್ಗನ್ನಲ್ಲ. ಬೆರೆಸುವ ಕೆಲಸವನ್ನು ಗ್ರಾಹಕರ ಕಣ್ಣೆದುರಿಗೇ ಮಾಡುವುದು ಇನ್ನೂ ಒಳ್ಳೆಯದು. ಪಾರದರ್ಶಕ ಜಗ್ಗಿಗೆ ಬಾಟಲಿಯಿಂದ ಅಳೆದು ಸುರಿದು, ನೀರು ಹಾಕಿ ಕಲಕುವಾಗ ಆ ಗಾಢ ಕೆಂಪು ನೀರಿನಲ್ಲಿ ಎಳೆಎಳೆಯಾಗಿ ಬಿಚ್ಚಿಕೊಳ್ಳುವುದನ್ನು ನೋಡಲು ಜನ ತಾವಾಗಿಯೇ ನಿಲ್ಲುತ್ತಾರೆ, ಮನೆಯಲ್ಲಿ ಬೆರೆಸುವ ವಿಧಾನವನ್ನೂ ಅದೇ ಹೊತ್ತಿಗೆ ಕಲಿತಿರುತ್ತಾರೆ. ಅಳತೆಗೆ ಮನೆಮನೆಯಲ್ಲೂ ಇರುವ ಊಟದ ಚಮಚವನ್ನೇ ಬಳಸಿ. ‘180 ಮಿಲಿ ಲೋಟಕ್ಕೆ ಎರಡು ದೊಡ್ಡ ಚಮಚ’ ಎಂದರೆ ನೆನಪಿನಲ್ಲಿ ಉಳಿಯುತ್ತದೆ. ‘ಒಂದಕ್ಕೆ ಐದು ಅನುಪಾತ’ ಎಂದರೆ ಉಳಿಯುವುದಿಲ್ಲ.

ಐಸ್ ವಿಚಾರ. ತಣ್ಣಗಾದಷ್ಟೂ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ನೀವು ಗಟ್ಟಿಯಾಗಿ ಬೆರೆಸಬೇಕಾಗಿ ಬಂದದ್ದಕ್ಕೆ ಅದೂ ಒಂದು ಕಾರಣವಿರಬಹುದು. ಜೊತೆಗೆ ಐಸ್ ಕರಗುತ್ತ ಹೋದಂತೆ ಜಗ್ಗಿನ ಮೊದಲ ಲೋಟಕ್ಕೂ ಕೊನೆಯ ಲೋಟಕ್ಕೂ ರುಚಿ ಬೇರೆಯಾಗುತ್ತದೆ. ನೀರನ್ನೇ ಮೊದಲು ತಂಪು ಮಾಡಿ ಐಸ್ ಬಾಕ್ಸ್‌ನಲ್ಲಿ ತಂದು, ಆ ನೀರಿನಲ್ಲಿ ಬೆರೆಸಿ. ಜಗ್ಗಿನ ಹೊರಗೆ ಐಸ್ ಇರಲಿ, ಒಳಗೆ ಬೇಡ. ಹೀಗೆ ಮಾಡಿದರೆ ಐಸ್ ಕುಡಿಯಲು ಯೋಗ್ಯವಾದ ನೀರಿನದೋ ಅಲ್ಲವೋ ಎಂಬ ಚಿಂತೆಯೂ ತಪ್ಪುತ್ತದೆ. ನೀರು ಕ್ಯಾನಿನದಾಗಿರಲಿ. ಬೋರ್‌ವೆಲ್ಲಿನ ಗಡಸು ನೀರು ಹುಳಿಯ ಮೊನಚನ್ನು ತುಸು ಮಂದ ಮಾಡುತ್ತದೆ. ಜಗ್ಗು ಗಾಜಿನದೋ ಸ್ಟೀಲಿನದೋ ಆಗಿರಬೇಕು. ಅಲ್ಯೂಮಿನಿಯಂ ಅಥವಾ ತಾಮ್ರದ ಪಾತ್ರೆಗೆ ಈ ಹುಳಿಯನ್ನು ಹಾಕಬಾರದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಇನ್ನೊಂದು ಎಚ್ಚರಿಕೆ ಬಣ್ಣಕ್ಕೆ ಸಂಬಂಧಿಸಿದ್ದು. ಮುರುಗಲಿನ ಕೆಂಪು ಆಂಥೋಸಯಾನಿನ್ ಎಂಬ ವರ್ಣದ್ರವ್ಯದಿಂದ ಬರುವಂಥದು. ಬೆಳಕು, ಶಾಖ ಮತ್ತು ಕಾಲದೊಂದಿಗೆ ಅದು ಕಂದಿಗೆ ತಿರುಗುತ್ತದೆ. ಹಣ್ಣಿನ ಸುಗ್ಗಿ ಏಪ್ರಿಲ್‌ನಿಂದ ಮಳೆ ಹಿಡಿಯುವವರೆಗೆ. ಆದರೆ ಪಾನಕಕ್ಕೆ ಬೇಡಿಕೆ ಏರುವುದು ಮಾರ್ಚ್‌ನಲ್ಲಿ. ಹಾಗಾಗಿ ಯುಗಾದಿಯ ಸುಮಾರಿಗೆ ನೀವು ಮೇಜಿನ ಮೇಲೆ ಇಡುವುದು ಹಿಂದಿನ ವರ್ಷದ ಮಾಲು. ಅದನ್ನು ಕತ್ತಲೆಯಲ್ಲಿ, ತಂಪಿನಲ್ಲಿ ಕಾಪಾಡಿರಬೇಕು. ಕಿಟಕಿಯ ಬಿಸಿಲಿಗೆ ನಿಂತ ಬಾಟಲಿಯನ್ನು ಎಂದಿಗೂ ಪ್ರದರ್ಶನಕ್ಕೆ ಬಳಸಬೇಡಿ.

ಲೋಟವನ್ನು ಅರ್ಧ ಮಾತ್ರ ತುಂಬಿಸಿ, 30 ಮಿಲಿ ಸಾಕು. ಇದು ಜಿಪುಣತನವಲ್ಲ. ನಮ್ಮ ಹಿರಿಯರಲ್ಲಿ ಅನೇಕರು ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವವರು. ಅಂಚಿನವರೆಗೆ ತುಂಬಿದ ಪುಟ್ಟ ಲೋಟವನ್ನು ಎತ್ತಿದರೆ ಬಿಳಿ ಅಂಗಿಯ ಮೇಲೆ ಕೆಂಪು ಕಲೆ ಖಂಡಿತ, ಮುರುಗಲಿನ ಕಲೆ ಸುಲಭಕ್ಕೆ ಹೋಗುವುದೂ ಇಲ್ಲ. ಒಂದು ಕೈಯಲ್ಲಿ ಟ್ರಾಲಿ, ಇನ್ನೊಂದರಲ್ಲಿ ಮಗು ಇರುವವರಿಗೂ ಅರ್ಧ ಲೋಟವೇ ಅನುಕೂಲ. ಅಲ್ಲದೆ ಪೂರ್ತಿ ಲೋಟ ಕುಡಿದವರ ಬಾಯಾರಿಕೆ ಅಲ್ಲಿಯೇ ತೀರಿಬಿಡುತ್ತದೆ. ಎರಡು ಗುಟುಕು ಕುಡಿದವರಿಗೆ ಇನ್ನಷ್ಟು ಬೇಕೆನಿಸುತ್ತದೆ. ಪ್ಲಾಸ್ಟಿಕ್ ಲೋಟ, ಸ್ಟ್ರಾ ಮತ್ತು ಕಲಕುವ ಕಡ್ಡಿಗಳು 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧವಾಗಿರುವುದರಿಂದ ಕಾಗದದ ಲೋಟವೇ ಗತಿ. ಒಳಭಾಗ ಬಿಳಿಯಾಗಿರುವುದನ್ನು ಆರಿಸಿ, ಬಣ್ಣ ಎದ್ದು ಕಾಣುತ್ತದೆ. ‘ಒಂದಕ್ಕೆ ಐದು’ ಅಳತೆಯಲ್ಲಿ, ಅರ್ಧ ಲೋಟದಂತೆ 400 ಜನರಿಗೆ ಕೊಟ್ಟರೂ 2 ಲೀಟರ್ ಸಿರಪ್ ಸಾಕು, ಅಂದರೆ ಮೂರು ಬಾಟಲಿ.

ಐದು ಬಗೆಗಳನ್ನು ಒಟ್ಟಿಗೆ ಇಟ್ಟದ್ದರ ಬಗ್ಗೆ. ಷೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪರ್ ಎಂಬ ಸಂಶೋಧಕರು ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನ ಒಂದು ದಿನಸಿ ಅಂಗಡಿಯಲ್ಲಿ ಜಾಮ್ ರುಚಿ ತೋರಿಸುವ ಮೇಜು ಹಾಕಿ ನಡೆಸಿದ ಪ್ರಯೋಗದ ವರದಿ 2000ದಲ್ಲಿ ಪ್ರಕಟವಾಯಿತು. ಮೇಜಿನ ಮೇಲೆ 24 ಬಗೆ ಇದ್ದಾಗ ಹಾದುಹೋದವರಲ್ಲಿ ಶೇ 60ರಷ್ಟು ಮಂದಿ ನಿಂತರು, ಆದರೆ ನಿಂತವರಲ್ಲಿ ಕೊಂಡವರು ಶೇ 3. ಆರು ಬಗೆ ಇದ್ದಾಗ ನಿಂತವರು ಶೇ 40, ಅವರಲ್ಲಿ ಕೊಂಡವರು ಶೇ 30. ಈ ಅಂಕಿಗಳನ್ನು ವೇದವಾಕ್ಯವೆಂದು ತಿಳಿಯಬೇಕಾಗಿಲ್ಲ. ಆಮೇಲೆ ಇಂಥ ಹಲವಾರು ಪ್ರಯೋಗಗಳನ್ನು ಒಟ್ಟುಗೂಡಿಸಿ 2010ರಲ್ಲಿ ನಡೆದ ವಿಶ್ಲೇಷಣೆಯಲ್ಲಿ ಸರಾಸರಿ ಪರಿಣಾಮ ಸೊನ್ನೆಗೆ ಹತ್ತಿರವಿರುವುದು ಕಂಡುಬಂತು. ತನಗೆ ಏನು ಬೇಕೆಂದು ಮೊದಲೇ ಗೊತ್ತಿರುವವನಿಗೆ ಆಯ್ಕೆ ಹೆಚ್ಚಿದ್ದರೆ ತೊಂದರೆಯಿಲ್ಲ. ಆದರೆ ನಿಮ್ಮ ಗ್ರಾಹಕರಿಗೆ ಮುರುಗಲೇ ಹೊಸದು. ಮೂಲ ರುಚಿಯ ಪರಿಚಯವೇ ಇಲ್ಲದವರಿಗೆ ಶುಂಠಿಯದೋ ಬೆಲ್ಲದ್ದೋ ಎಂದು ಕೇಳಿದರೆ, ಅವರು ಐದನ್ನೂ ಕುಡಿದು, ‘ಎಲ್ಲವೂ ಚೆನ್ನಾಗಿವೆ’ ಎಂದು ಹೊರಟುಬಿಡುತ್ತಾರೆ. ನಿಮ್ಮಲ್ಲಿ ಆದದ್ದು ಅದೇ ಎಂದು ನನ್ನ ಊಹೆ. ಒಂದು ದಿನಕ್ಕೆ ಒಂದೇ ಬಗೆ ಇಡಿ. ತೀರ ಬೇಕೆನಿಸಿದರೆ ಎರಡು. ಎರಡಾದರೆ ಅವು ಒಂದಕ್ಕೊಂದು ಸ್ಪಷ್ಟವಾಗಿ ಬೇರೆಯಾಗಿರಲಿ: ಸಾದಾ ಮತ್ತು ಜೀರಿಗೆ–ಉಪ್ಪು. ಸಾದಾ ಮತ್ತು ಏಲಕ್ಕಿಯ ನಡುವಿನ ವ್ಯತ್ಯಾಸ ಅಂಗಡಿಯ ಗದ್ದಲದಲ್ಲಿ ಯಾರಿಗೂ ತಿಳಿಯುವುದಿಲ್ಲ.

ಬಾಗಿಲಿನ ಬಳಿ ಮೇಜು ಹಾಕಿದರೆ ಹೆಚ್ಚು ಜನ ಕಾಣುತ್ತಾರೆ ಎಂಬುದು ನಿಜ, ಆದರೆ ಅವರು ಆಗಷ್ಟೇ ಒಳಗೆ ಬಂದವರು. ಚೀಟಿಯಲ್ಲಿ ಬರೆದುಕೊಂಡ ಅಕ್ಕಿ, ಬೇಳೆ, ಎಣ್ಣೆ ಇನ್ನೂ ಟ್ರಾಲಿಗೆ ಬಿದ್ದಿರುವುದಿಲ್ಲ. ‘ಹೋಗುವಾಗ ನೋಡೋಣ’ ಎನ್ನುತ್ತಾರೆ, ಹೋಗುವಾಗ ಬಿಲ್ಲಿಂಗ್ ಸಾಲಿನಲ್ಲಿ ಮರೆತಿರುತ್ತಾರೆ. ಮೇಜು ಇರಬೇಕಾದದ್ದು ನಿಮ್ಮ ಬಾಟಲಿಗಳಿರುವ ರ‍್ಯಾಕ್‌ನ ಪಕ್ಕದಲ್ಲಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅಲ್ಲಿ ಜಾಗವಿಲ್ಲವೆಂದು ಮ್ಯಾನೇಜರ್ ಹೇಳಿದರೆ ಹಣ್ಣಿನ ವಿಭಾಗದ ತುದಿ ಕೇಳಿ, ಒಂದೆರಡು ಪೆಟ್ಟಿಗೆ ಬಾಟಲಿಗಳನ್ನು ಮೇಜಿನ ಮೇಲೆಯೇ ಜೋಡಿಸಿ. ಸಮಯ ಸಂಜೆ ಐದೂವರೆಯಿಂದ ಎಂಟೂವರೆ, ಶನಿವಾರ ಅಥವಾ ಭಾನುವಾರ, ಸಾಧ್ಯವಾದರೆ ಸಂಬಳ ಬಂದ ತಿಂಗಳ ಮೊದಲ ವಾರ. ಇಡೀ ದಿನ ನಿಂತು ದಣಿಯುವುದಕ್ಕಿಂತ ಈ ಮೂರು ಗಂಟೆ ಗಟ್ಟಿಯಾಗಿ ನಿಲ್ಲುವುದು ಮೇಲು.

ಈಗ ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವ ಸಂಗತಿ, ಮೇಜಿನ ಬಳಿ ನಿಲ್ಲುವವರದು. ಏಜೆನ್ಸಿಯಿಂದ ಪ್ರಮೋಟರ್‌ಗಳನ್ನು ಕರೆಸುವ ಬದಲು ನಿಮ್ಮ ಸಂಘದ ಸದಸ್ಯೆಯೇ ಬರಲಿ ಎಂಬುದು ನನ್ನ ದೃಢವಾದ ಸಲಹೆ. ‘ಇದನ್ನು ನಾವೇ ಮಾಡುತ್ತೇವೆ’ ಎಂದು ಹೇಳಬಲ್ಲವರು ನಿಮ್ಮಲ್ಲಿದ್ದಾರೆ. ದೊಡ್ಡ ಕಂಪನಿಗಳು ಎಷ್ಟು ಹಣ ಕೊಟ್ಟರೂ ಅವಕ್ಕೆ ಅದು ಸಿಗದು. ಆ ಸದಸ್ಯೆ ಮೇಜಿನ ಹಿಂದೆ ಅಲ್ಲ, ಪಕ್ಕದಲ್ಲಿ ನಿಲ್ಲಬೇಕು. ‘ಫ್ರೀ ಇದೆ, ಟೇಸ್ಟ್ ಮಾಡಿ’ ಎಂದು ಕೂಗಬಾರದು. ಆ ಕೂಗಿಗೆ ಬರುವವರು ಫ್ರೀ ಇರುವುದಕ್ಕಾಗಿಯೇ ಬರುತ್ತಾರೆ. ‘ಅಮ್ಮಾ, ಮುರುಗಲು ಪಾನಕ, ಒಂದು ಗುಟುಕು ನೋಡ್ತೀರಾ?’ ಎಂದರೆ ಸಾಕು. ಬೆಂಗಳೂರಿನಲ್ಲಿ ಮಂಗಳೂರು ಕಡೆಯವರು ಇದನ್ನು ಪುನರ್ಪುಳಿ ಎಂದೂ, ಗೋವಾ ಮತ್ತು ಮಹಾರಾಷ್ಟ್ರದವರು ಕೋಕಂ ಎಂದೂ ಬಲ್ಲರಾದ್ದರಿಂದ ಮೂರೂ ಹೆಸರನ್ನು ಮೇಜಿನ ಫಲಕದಲ್ಲಿ ದೊಡ್ಡದಾಗಿ ಬರೆಸಿ. ಊರಿನ ಹೆಸರು ಕಂಡವರು ದೂರದಿಂದಲೇ ಮುಖ ಅರಳಿಸಿಕೊಂಡು ಬರುತ್ತಾರೆ, ಅವರಿಗೆ ರುಚಿ ತೋರಿಸುವ ಅಗತ್ಯವೂ ಇರುವುದಿಲ್ಲ. ಹಣ್ಣನ್ನೇ ಕಾಣದ ಬಯಲುಸೀಮೆಯವರಿಗೆ ಒಂದಿಷ್ಟು ಒಣ ಸಿಪ್ಪೆಯನ್ನು ತಟ್ಟೆಯಲ್ಲಿಟ್ಟು ತೋರಿಸಿ, ‘ನಮ್ಮ ಕಡೆ ಸಾರಿಗೆ ಹುಣಸೆಯ ಬದಲು ಇದನ್ನೇ ಹಾಕುತ್ತೇವೆ’ ಎಂದರೆ ತಕ್ಷಣ ಅರ್ಥವಾಗುತ್ತದೆ.

ಲೋಟ ಕೊಟ್ಟ ಮೇಲೆ ಸುಮ್ಮನಿರುವುದನ್ನು ಕಲಿಯಬೇಕು, ಇದು ಕೇಳಿದಷ್ಟು ಸುಲಭವಲ್ಲ. ಕುಡಿಯುತ್ತಿರುವವರ ಕಿವಿಯಲ್ಲಿ ಗುಣಗಾನ ಮಾಡುತ್ತಿದ್ದರೆ ಅವರ ಗಮನ ನಾಲಿಗೆಯ ಮೇಲೆ ಇರುವುದಿಲ್ಲ. ಕುಡಿದು ಲೋಟ ಕೆಳಗಿಟ್ಟ ಮೇಲೆ, ‘ಹೇಗಿದೆ?’ ಎಂದು ಕೇಳಬೇಡಿ. ಅದಕ್ಕೆ ಉತ್ತರ ‘ಚೆನ್ನಾಗಿದೆ’ ಎಂದೇ. ‘ಹುಳಿ ಹೆಚ್ಚಾಯಿತೇ, ಸಿಹಿ ಹೆಚ್ಚಾಯಿತೇ?’ ಎಂದು ಕೇಳಿ. ಆಗ ಅವರು ಯೋಚಿಸಿ ನಿಜ ಹೇಳುತ್ತಾರೆ. ‘ನನಗೆ ಸಿಹಿ ಸ್ವಲ್ಪ ಜಾಸ್ತಿ’ ಎಂದವರಿಗೆ, ‘ನೀವು ಒಂದೂವರೆ ಚಮಚ ಹಾಕಿಕೊಳ್ಳಿ, ಒಂದು ಚಿಟಿಕೆ ಉಪ್ಪು ಸೇರಿಸಿ’ ಎನ್ನುತ್ತ ಬಾಟಲಿಯನ್ನು, ಲೇಬಲ್ ಅವರತ್ತ ತಿರುಗಿರುವಂತೆ, ಕೈಗೆ ಕೊಡಿ. ಮಾತು ಅಡುಗೆಮನೆಗೆ ತಿರುಗಿತೆಂದರೆ ಅರ್ಧ ಮಾರಾಟ ಆದಂತೆಯೇ. ಬೇಡವೆಂದವರನ್ನು ನಗುತ್ತ ಕಳುಹಿಸಿ. ಏಕಾದಶಿ, ಶನಿವಾರದ ಉಪವಾಸ, ರಂಜಾನಿನ ಹಗಲು, ಹೀಗೆ ಕುಡಿಯದಿರಲು ಕಾರಣಗಳು ಬೇಕಾದಷ್ಟಿರುತ್ತವೆ, ಎರಡನೆಯ ಸಲ ಒತ್ತಾಯಿಸುವುದು ಅಸಭ್ಯವಾಗುತ್ತದೆ. ಮಕ್ಕಳಿಗೆ ಕೊಡುವ ಮುನ್ನ ತಂದೆತಾಯಿಯರ ಮುಖ ನೋಡಿ.

ಆರೋಗ್ಯದ ಮಾತು ಬಂದಾಗ ನಾಲಿಗೆಯ ಮೇಲೆ ಹಿಡಿತವಿರಲಿ. ಪಿತ್ತಕ್ಕೆ ಒಳ್ಳೆಯದು, ಅಸಿಡಿಟಿ ಹೋಗುತ್ತದೆ, ತೂಕ ಇಳಿಯುತ್ತದೆ ಎಂದು ನಮ್ಮ ಕಡೆ ಮನೆಮಾತಿನಲ್ಲಿ ಹೇಳುವುದನ್ನು ಮಾರಾಟದ ಮೇಜಿನಲ್ಲಿ ಹೇಳುವಂತಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 53ನೇ ಸೆಕ್ಷನ್ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ‘ಶುಗರ್ ಇದ್ದವರು ಕುಡಿಯಬಹುದೇ?’ ಎಂಬ ಪ್ರಶ್ನೆ ಬೆಂಗಳೂರಿನಲ್ಲಿ ಪ್ರತಿ ಹತ್ತು ನಿಮಿಷಕ್ಕೊಮ್ಮೆ ಬರುತ್ತದೆ. ನಿಮ್ಮ ಸಿರಪ್ 65 ಬ್ರಿಕ್ಸ್‌ನದಾದರೆ (ಅಂದರೆ ತೂಕದಲ್ಲಿ ಸುಮಾರು ಶೇ 65 ಸಕ್ಕರೆಯದಾದರೆ) ಎರಡು ದೊಡ್ಡ ಚಮಚದಲ್ಲಿ, ಅಂದರೆ 30 ಮಿಲಿಯಲ್ಲಿ, ಸುಮಾರು 25 ಗ್ರಾಂ ಸಕ್ಕರೆ ಇರುತ್ತದೆ. ಇದನ್ನು ಇದ್ದಂತೆ ಹೇಳಿ, ಅಂಥವರಿಗೆ ಒಣ ಸಿಪ್ಪೆಯ ಪೊಟ್ಟಣ ತೋರಿಸಿ. ಸಕ್ಕರೆಯ ವಿಚಾರದಲ್ಲಿ ನಿಜ ಹೇಳಿದವರ ಉಳಿದ ಮಾತನ್ನೂ ಜನ ನಂಬುತ್ತಾರೆ.

ಶುಚಿತ್ವದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಚ್ಚಳವಿರುವ ಜಗ್ಗು, ತಲೆಗೆ ಕ್ಯಾಪ್, ಲೋಟವನ್ನು ಅಂಚಿನಲ್ಲಿ ಮುಟ್ಟದೆ ಬುಡದಿಂದ ಹಿಡಿದು ಕೊಡುವುದು, ಪಕ್ಕದಲ್ಲಿಯೇ ಕಸದ ಡಬ್ಬ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಯ ಒಂದು ಪ್ರತಿ, ಇವಿಷ್ಟು ತಪ್ಪದಿರಲಿ. ಕಸದ ಡಬ್ಬ ತುಂಬಿ ಕೆಂಪು ಹನಿಗಳು ನೆಲಕ್ಕೆ ಬಿದ್ದರೆ ಮ್ಯಾನೇಜರ್ ಮುಂದಿನ ಸಲ ಅನುಮತಿ ಕೊಡುವುದಿಲ್ಲ.

ಇನ್ನು ಬೆಲೆ ಇಳಿಸುವ ಪ್ರಶ್ನೆ. ಬೇಡ, ಕಾರಣವನ್ನು ಲೆಕ್ಕದ ಮೂಲಕವೇ ಹೇಳುತ್ತೇನೆ. ನಿಮ್ಮ ನಿಜವಾದ ಅಂಕಿಗಳನ್ನು ಹಾಕಿಕೊಂಡು ತಿದ್ದಿಕೊಳ್ಳಿ. 200 ರೂಪಾಯಿಯಲ್ಲಿ ಅಂಗಡಿಯ ಪಾಲು ಶೇ 30 ಎಂದರೆ 60 ರೂಪಾಯಿ ಹೋಯಿತು. ತೆರಿಗೆ, ಹಣ್ಣು, ಸಕ್ಕರೆ, ಬಾಟಲಿ, ಸಾಗಣೆ ಎಲ್ಲ ಕಳೆದು ನಿಮಗೆ 50 ರೂಪಾಯಿ ಉಳಿಯುತ್ತದೆ ಎನ್ನೋಣ. ಮೇಜಿನ ಜಾಗಕ್ಕೆ 1,500, ನಿಲ್ಲುವವರ ದಿನಗೂಲಿ 1,000, ಐಸ್, ನೀರು, ಲೋಟಗಳಿಗೆ 400, ಸುರಿಯುವ ಮೂರು ಬಾಟಲಿಗೆ 300, ಒಟ್ಟು 3,200 ರೂಪಾಯಿ ಖರ್ಚಾದರೆ ಅದು ಹುಟ್ಟಲು ಆ ದಿನವೇ 64 ಬಾಟಲಿ ಮಾರಬೇಕು. ಮೂರು ಗಂಟೆಯಲ್ಲಿ ಅದು ಆಗದ ಮಾತು. 25 ಮಾರಿದರೆ ಚೆನ್ನಾಗಿ ಮಾಡಿದ್ದೀರಿ ಎಂದೇ ಹೇಳುತ್ತೇನೆ, ಆದರೂ 1,950 ರೂಪಾಯಿ ಕೈಬಿಡುತ್ತದೆ. ಅದರ ಮೇಲೆ ಬಾಟಲಿಗೆ 40 ರೂಪಾಯಿ ರಿಯಾಯಿತಿಯನ್ನೂ ಕೊಟ್ಟರೆ ಬಹುಪಾಲು ಲಾಭ ಅಲ್ಲಿಯೇ ಹೋಗುತ್ತದೆ. ಮೇಲಾಗಿ 160ಕ್ಕೆ ಕೊಂಡವರಿಗೆ ಮುಂದಿನ ತಿಂಗಳು 200 ದುಬಾರಿ ಎನಿಸುತ್ತದೆ. ಅದೇ 25 ಮನೆಗಳಲ್ಲಿ ಎಂಟು ಮನೆಯವರು ಎರಡು ತಿಂಗಳಿಗೊಂದರಂತೆ ಕೊಳ್ಳುತ್ತ ಹೋದರೆ ವರ್ಷಕ್ಕೆ 48 ಬಾಟಲಿ, 2,400 ರೂಪಾಯಿ. ನಷ್ಟ ತುಂಬಿ ಮೇಲೆ ಉಳಿಯುತ್ತದೆ. ರಿಯಾಯಿತಿ ಕೊಡಲೇಬೇಕೆಂದಿದ್ದರೆ ಎರಡನೆಯ ಬಾಟಲಿಗೆ ಕೊಡಿ. ಬಾಟಲಿಯ ಕುತ್ತಿಗೆಗೆ ಒಂದು ಚೀಟಿ ಕಟ್ಟಿ, ‘ಮುಂದಿನ ಬಾಟಲಿಗೆ 20 ರೂಪಾಯಿ ಕಡಿಮೆ, ಎರಡು ತಿಂಗಳೊಳಗೆ’ ಎಂದು ಅಚ್ಚು ಹಾಕಿಸಿ, ಎರಡು ಅಂಗಡಿಗಳಿಗೆ ಎರಡು ಬಣ್ಣ ಇಡಿ. ಕೌಂಟರ್‌ನಲ್ಲಿ ಆ ಚೀಟಿಗಳನ್ನು ತೆಗೆದಿಡುವಂತೆ ಮ್ಯಾನೇಜರ್ ಜೊತೆ ಮೊದಲೇ ಮಾತಾಡಿಕೊಳ್ಳಿ. ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಇದನ್ನು ಅವರೇ ಸೇರಿಸಬೇಕಾಗುತ್ತದೆ. ಎರಡು ತಿಂಗಳ ನಂತರ ಮರಳಿ ಬಂದ ಚೀಟಿಗಳನ್ನು ಎಣಿಸಿದರೆ ನಿಮ್ಮ ಪಾನಕ ಮನೆಗಳಲ್ಲಿ ಉಳಿಯಿತೇ ಇಲ್ಲವೇ ಎಂಬುದು ಯಾರ ಮುಖಸ್ತುತಿಯೂ ಇಲ್ಲದೆ ತಿಳಿಯುತ್ತದೆ.

ಇದರ ಜೊತೆಗೆ ರುಚಿ ತೋರಿಸುವ ಮೊದಲಿನ ನಾಲ್ಕು ವಾರ ಮತ್ತು ನಂತರದ ನಾಲ್ಕು ವಾರಗಳ ಮಾರಾಟದ ಅಂಕಿಗಳನ್ನು ಅಂಗಡಿಯಿಂದ ಕೇಳಿ ಪಡೆಯಿರಿ. ನಿಮಗೆ ಎರಡು ಅಂಗಡಿಗಳಿರುವುದು ಅನುಕೂಲವೇ: ಒಂದರಲ್ಲಿ ಮೇಜು ಹಾಕಿ, ಇನ್ನೊಂದರಲ್ಲಿ ಆ ಎಂಟು ವಾರ ಏನೂ ಮಾಡದಿದ್ದರೆ, ಏರಿಕೆ ಮೇಜಿನಿಂದ ಬಂದದ್ದೋ ಬಿಸಿಲಿನಿಂದ ಬಂದದ್ದೋ ತಿಳಿಯುತ್ತದೆ. ಮೇಜಿನ ದಿನಕ್ಕೆ ಮೂರು ಪೆಟ್ಟಿಗೆಯಾದರೂ ಅಂಗಡಿಯಲ್ಲಿರಲಿ, ಮರುದಿನ ಬೆಳಿಗ್ಗೆಯೇ ರ‍್ಯಾಕ್ ಮತ್ತೆ ತುಂಬಿರಲಿ. ಶಿರಸಿಯಿಂದ ಮಾಲು ಬರಲು ಎರಡು ದಿನ ಬೇಕಾಗುವುದಾದರೆ ಬೆಂಗಳೂರಿನಲ್ಲಿಯೇ ಪರಿಚಯದವರ ಮನೆಯಲ್ಲಿ ಒಂದಿಷ್ಟು ದಾಸ್ತಾನು ಇಡುವ ವ್ಯವಸ್ಥೆಯನ್ನು ಮೇಜಿನ ದಿನಾಂಕ ಗೊತ್ತುಮಾಡುವ ಮೊದಲೇ ಮಾಡಿಕೊಳ್ಳಿ.